ಶರೀರಸಾಧನೆ: ನಿಲುವು, ಪೆಟ್ಟು, ತಡೆ

ಸರಕಾರೀ ಶಾಲೆಗಳಲ್ಲಿ ಓದುವ ಬಾಲಿಕೆಯರಿಗಾಗಿ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಆತ್ಮರಕ್ಷಣೆಯ ತರಬೇತಿಯೊಂದನ್ನು ಗೊತ್ತುಪಡಿಸಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ರಾಣಿ ಲಕ್ಷ್ಮೀಬಾಯಿಯ ಹೆಸರನ್ನು ಹೊತ್ತ ಈ ಶಿಕ್ಷಣವು ೬ನೆಯ ತರಗತಿಯಿಂದ ೧೨ನೆಯ ತರಗತಿಯವರೆಗಿನ ಹುಡುಗಿಯರಿಗೆ ಸಲ್ಲುವುದು. ಅದರ ಅವಧಿ ೩ ತಿಂಗಳು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಲ್ಲಿಯೂ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಇಂಥದೇ ಪಾಠ ನಡೆದಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ತಾಲೂಕುಗಳಲ್ಲಿ ಈ ಪಾಠದ ಫಲ ನಿಲ್ಲುವುದೂ ನಿಲ್ಲದಿರುವುದೂ ಶಾಲೆಗಿಂತ ಹೆಚ್ಚಾಗಿ ಮನೆಯನ್ನು ಅವಲಂಬಿಸಿದೆ. ಯಾಕೆಂದರೆ ಶಿಕ್ಷಕರು ೩ ತಿಂಗಳಿಗೆ ಹೊರಟುಹೋಗುವರು. ಹುಡುಗಿಯು ಮುಂದಿನ ವರ್ಷಗಳನ್ನೆಲ್ಲ ನಮ್ಮ ಅಂಗಳದಲ್ಲಿಯೇ ಕಳೆಯಬೇಕು.

ಮಗಳು ಮನೆಗೆ ಬಂದು ಕಾಲನ್ನು ಅಗಲಿಸಿ, ಮುಷ್ಟಿ ಕಟ್ಟಿ ನಿಂತಾಗ ಹಿರಿಯರಲ್ಲಿ ಎರಡು ಬಗೆಯ ಮಾತು ಹೊರಡುವುದುಂಟು. “ಇದೇನು ಹುಡುಗಾಟ!” ಎಂದು ನಗುವುದು ಒಂದು, “ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ?” ಎಂದು ಗದರಿಸುವುದು ಇನ್ನೊಂದು. ಎರಡರ ಫಲವೂ ಒಂದೇ. ಮರುದಿನದಿಂದ ಆಕೆ ಅದನ್ನು ಮನೆಯಲ್ಲಿ ಮಾಡಿ ತೋರಿಸುವುದಿಲ್ಲ. ಆದುದರಿಂದ ಈ ತಿಂಗಳು ನಾವು ಹೊಸಬರಿಗೆ ಕಲಿಸುವ ಮೊದಲ ನಿಲುವುಗಳು, ಪೆಟ್ಟುಗಳು, ತಡೆಗಳು ಯಾವುವು, ಅವುಗಳ ಹಿಂದಿರುವ ಯುಕ್ತಿ ಯಾವುದು, ತಾಯಿತಂದೆಗಳು ಅವನ್ನು ಹೇಗೆ ನೋಡಿ ತಿದ್ದಬಹುದು ಎಂಬುದನ್ನು ವಿವರಿಸುವೆವು. ಗಂಡುಮಕ್ಕಳಿಗೂ ಇದು ಅಷ್ಟೇ ಉಪಯುಕ್ತವಾದುದು.

ನಮ್ಮ ನಾಡಿಗೆ ಹೊಸತಲ್ಲ

ಅಂಗಸಾಧನೆಯ ವಿದ್ಯೆ ಕನ್ನಡನಾಡಿಗೆ ಹೊರಗಿನಿಂದ ಬಂದ ವಿಚಿತ್ರವೇನಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು. ಭಾರವನ್ನೆತ್ತುವುದು, ನಡೆದಾಡುವುದು, ನೀರಿನಲ್ಲಿ ಈಸುವುದು, ಕಂಬದ ಮೇಲೆ ಸಾಧಿಸುವುದು ಮುಂತಾದ ಶ್ರಮಗಳನ್ನು ಮಲ್ಲರಿಗೆ ಅಲ್ಲಿ ವಿಧಿಸಲಾಗಿದೆ. ಪಟ್ಟಿಗಿಂತ ಮೊದಲು ಶರೀರದ ಸಿದ್ಧತೆ, ಕೈಗಿಂತ ಮೊದಲು ಕಾಲು ಎಂಬ ಕ್ರಮವನ್ನು ಆ ಕಾಲದವರೂ ಅರಿತಿದ್ದರು.

ಬೆಳಗಾವಿಯ ಸೀಮೆಯಲ್ಲಂತೂ ಗರಡಿಯ ಪರಂಪರೆ ಬಲವಾದುದು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಕೊಲ್ಲಾಪುರವು ದೂರವಲ್ಲ. ಅಲ್ಲಿಯ ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯಕೊಟ್ಟು, ೧೯೧೨ರಲ್ಲಿ ಪೂರ್ಣಗೊಂಡ ಖಾಸಬಾಗ ಮೈದಾನವನ್ನು ಕಟ್ಟಿಸಿದುದರ ಪ್ರಭಾವವು ಗಡಿಯ ಈಚೆಗೂ ಹರಡಿತು. ಕೆಮ್ಮಣ್ಣಿನ ಕಣ, ದಂಡ, ಬಸ್ಕಿ, ಕರಲಾಕಟ್ಟೆ, ಜಾತ್ರೆಯ ಜಂಗೀ ಕುಸ್ತಿ, ಸಂಗ್ರಾಣಿ ಕಲ್ಲನ್ನೆತ್ತುವ ಪಂಥ ಇವು ನಮ್ಮ ಹಳ್ಳಿಗರಿಗೆ ಅಪರಿಚಿತವಲ್ಲ. ೧೯೨೩ರಲ್ಲಿ ಹಿಂದುಸ್ತಾನೀ ಸೇವಾದಲವನ್ನು ಹುಟ್ಟುಹಾಕಿ, ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ಶಿಸ್ತನ್ನು ದೇಶಕ್ಕೆ ತೋರಿಸಿಕೊಟ್ಟ ಡಾಕ್ಟರ ನಾ. ಸು. ಹರ್ಡೀಕರರು ಗೋಕಾಕ ತಾಲೂಕಿನ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದೊಡನೆ ಸಂಬಂಧವಿಟ್ಟುಕೊಂಡಿದ್ದವರು. ಶರೀರಶಿಸ್ತು ಮನಸ್ಸಿನ ಶಿಸ್ತಿಗೆ ಸೋಪಾನವೆಂಬ ಮಾತನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಗರಡಿಯ ಬಾಗಿಲು ಬಹುಕಾಲ ಗಂಡಸರಿಗೆ ಮಾತ್ರ ತೆರೆದಿತ್ತು. ಹೆಣ್ಣುಮಕ್ಕಳಿಗೆ ಈಗ ಶಾಲೆಯ ಬಯಲಿನಲ್ಲಿ ದೊರೆಯುತ್ತಿರುವ ಪಾಠವು ಹೆಚ್ಚಾಗಿ ಕರಾಟೆಯಂಥ ಪೂರ್ವದೇಶಗಳ ಪದ್ಧತಿಗಳಿಂದ ಬಂದುದು. ಕರಾಟೆಯು ಒಕಿನಾವಾ ದ್ವೀಪದ ವಿದ್ಯೆ. ಅಲ್ಲಿಯ ಶಾಲಾ ಅಧ್ಯಾಪಕರಾದ ಗಿಚಿನ್ ಫುನಾಕೋಶಿಯವರು ೧೯೨೨ರಲ್ಲಿ ಟೋಕಿಯೋ ನಗರದಲ್ಲಿ ಅದನ್ನು ಪ್ರದರ್ಶಿಸಿದ ಬಳಿಕ ಅದು ಜಪಾನಿನಲ್ಲೆಲ್ಲ ಹಬ್ಬಿ, ಮುಂದೆ ಜಗತ್ತಿಗೆ ವ್ಯಾಪಿಸಿತು. ಆ ಹೆಸರಿಗೆ ‘ಬರಿಗೈ’ ಎಂದು ಅರ್ಥ. ಸಾಧನೆಯು ನಮಸ್ಕಾರದಿಂದ ಮೊದಲಾಗಿ ನಮಸ್ಕಾರದಲ್ಲಿಯೇ ಮುಗಿಯಬೇಕು, ಮೊದಲ ಪೆಟ್ಟು ಸಾಧಕನದಾಗಿರಕೂಡದು ಎಂಬ ಎರಡು ನಿಯಮಗಳನ್ನು ಆ ಗುರುಗಳು ಒತ್ತಿ ಹೇಳುತ್ತಿದ್ದರು. ಕಣದ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹನುಮಪ್ಪನಿಗೆ ಕೈಮುಗಿದು ಇಳಿಯುವ ನಮ್ಮ ಪೈಲವಾನನಿಗೆ ಈ ನಿಯಮ ಪರಕೀಯವಾಗಿ ತೋರಲಾರದು.

ನಿಲುವು

ಮನೆಯ ಗೋಡೆ ಎಷ್ಟೇ ಚೆಂದವಾಗಿರಲಿ, ಅಡಿಪಾಯ ಸಡಿಲವಾದರೆ ನಿಲ್ಲದು. ಕೈಯ ಪೆಟ್ಟಿನ ಬಲವು ನೆಲದಿಂದ ಹುಟ್ಟಿ, ಕಾಲು, ಸೊಂಟ, ಬೆನ್ನುಗಳ ಮೂಲಕ ಹಾಯ್ದು ಮುಷ್ಟಿಗೆ ಬರತಕ್ಕದ್ದು. ಆದುದರಿಂದ ಮೊದಲ ತಿಂಗಳು ನಿಲುವಿನದೇ.

ಮೊದಲನೆಯದು ಸಹಜ ನಿಲುವು. ಪಾದಗಳ ನಡುವೆ ಭುಜದಷ್ಟು ಅಂತರವಿಟ್ಟು, ಮೊಣಕಾಲುಗಳನ್ನು ಬಿಗಿಹಿಡಿಯದೆ, ಬೆನ್ನನ್ನು ನೆಟ್ಟಗಿಟ್ಟು ನಿಲ್ಲಬೇಕು. ದೃಷ್ಟಿ ಎದುರಿಗೆ, ಗದ್ದ ಸ್ವಲ್ಪ ಒಳಕ್ಕೆ, ಉಸಿರು ಶಾಂತ. ನೋಡುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೂ ತಲೆ ತಗ್ಗಿಸಿ, ಹೆಗಲು ಕುಗ್ಗಿಸಿ ನಡೆಯುವ ಅಭ್ಯಾಸವಾದ ಹುಡುಗಿಗೆ ಎಲ್ಲಕ್ಕಿಂತ ಕಠಿಣವಾದ ನಿಲುವು ಇದೇ.

ಎರಡನೆಯದು ಮುಂಗಾಲಿನ ನಿಲುವು. ಒಂದು ಕಾಲನ್ನು ಉದ್ದವಾಗಿ ಮುಂದಿಟ್ಟು ಅದರ ಮೊಣಕಾಲನ್ನು ಬಗ್ಗಿಸಬೇಕು. ಹಿಂದಿನ ಕಾಲು ನೆಟ್ಟಗಿರಬೇಕು. ಮುಂದಿನ ಮೊಣಕಾಲು ಪಾದದ ನೇರಕ್ಕೇ ಇರತಕ್ಕದ್ದು, ಒಳಕ್ಕೆ ವಾಲಬಾರದು. ಎರಡು ಪಾದಗಳೂ ಒಂದೇ ಗೆರೆಯ ಮೇಲೆ ಬೀಳದೆ, ನಡುವೆ ಸೊಂಟದಷ್ಟು ಅಗಲ ಉಳಿಯಬೇಕು. ಇಲ್ಲದಿದ್ದರೆ ಪಕ್ಕದಿಂದ ತುಸು ತಳ್ಳಿದರೂ ಶರೀರ ಉರುಳುವುದು. ಭಾರದ ಹೆಚ್ಚಿನ ಪಾಲು ಮುಂಗಾಲಿನ ಮೇಲೆ, ಹಿಮ್ಮಡಿ ನೆಲದ ಮೇಲೆ. ಮುಂದುವರಿದು ಪೆಟ್ಟು ಕೊಡಲು ಇದು ತಕ್ಕ ನಿಲುವು.

ಮೂರನೆಯದು ಹಿಂಗಾಲಿನ ನಿಲುವು. ಇಲ್ಲಿ ಭಾರದ ಸುಮಾರು ನೂರಕ್ಕೆ ೭೦ ಪಾಲು ಹಿಂದಿನ ಕಾಲಿನ ಮೇಲೆ, ೩೦ ಪಾಲು ಮುಂದಿನ ಕಾಲಿನ ಮೇಲೆ. ಎದುರಾಳಿಯಿಂದ ತುಸು ಹಿಂದೆ ಸರಿದು ತಡೆಯಲು ಇದು ಅನುಕೂಲ. ಮುಂದಿನ ಕಾಲು ಹಗುರಾಗಿರುವುದರಿಂದ ಅದನ್ನು ಬೇಗನೆ ಎತ್ತಲೂ ಬರುವುದು.

ನಾಲ್ಕನೆಯದು ಕುದುರೆಸವಾರನ ನಿಲುವು. ಪಾದಗಳನ್ನು ಭುಜದ ಅಳತೆಯ ಇಮ್ಮಡಿಯಷ್ಟು ಅಗಲಿಸಿ, ಮೊಣಕಾಲುಗಳನ್ನು ಹೊರಕ್ಕೆ ಒತ್ತಿ, ಬೆನ್ನು ಬಾಗಿಸದೆ ಕುಳಿತಂತೆ ನಿಲ್ಲುವುದು. ಬಸ್ಕಿ ಹೊಡೆದವರಿಗೆ ಇದರ ಬೇಗೆ ಗೊತ್ತು. ಹೊಸಬರಿಗೆ ಅರ್ಧ ನಿಮಿಷ ಸಾಕು. ವಾರವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದು.

ನಿಲುವನ್ನು ಪರೀಕ್ಷಿಸುವ ಉಪಾಯ ಸುಲಭವಾದುದು. ಮಗಳು ಮುಂಗಾಲಿನ ನಿಲುವಿನಲ್ಲಿರುವಾಗ ತಾಯಿಯು ಎದುರಿನಿಂದ ಅಂಗೈಯಿಂದ ಭುಜವನ್ನು ಮೆಲ್ಲಗೆ, ಕ್ರಮೇಣ ಒತ್ತಬೇಕು. ಹಿಂದಿನ ಹಿಮ್ಮಡಿ ಎದ್ದರೆ, ಅಥವಾ ಸೊಂಟ ಹಿಂದಕ್ಕೆ ಹೋದರೆ, ಕಾಲಿನ ಅಂತರ ಕಡಿಮೆಯಾಗಿದೆಯೆಂದು ತಿಳಿಯಬೇಕು. ಇದಕ್ಕೆ ಕರಾಟೆ ಬಲ್ಲವರೇ ಬೇಕೆಂದಿಲ್ಲ.

ಪೆಟ್ಟು

ಮುಷ್ಟಿಯನ್ನು ಕಟ್ಟುವುದೇ ಒಂದು ಪಾಠ. ನಾಲ್ಕು ಬೆರಳುಗಳನ್ನೂ ತುದಿಯಿಂದ ಸುತ್ತುತ್ತ ಅಂಗೈಯೊಳಗೆ ಬಿಗಿಯಾಗಿ ಮಡಿಸಿ, ಹೆಬ್ಬೆರಳನ್ನು ಹೊರಗಿನಿಂದ ತೋರುಬೆರಳು ಮತ್ತು ನಡುಬೆರಳುಗಳ ಮೇಲೆ ಅಡ್ಡವಾಗಿ ಇಡಬೇಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು ಹೊಡೆದರೆ ಅದೇ ಮುರಿದೀತು. ಪೆಟ್ಟು ತಗಲತಕ್ಕದ್ದು ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣುಗಳಿಂದ. ಕಿರುಬೆರಳಿನ ಕಡೆಯ ಮೂಳೆ ಸಣ್ಣದು. ಆ ಕಡೆಯಿಂದ ಗಟ್ಟಿಯಾದುದಕ್ಕೆ ಹೊಡೆದರೆ ಅಂಗೈಯೊಳಗಿನ ಎಲುಬು ಮುರಿಯುವುದು ಸಾಮಾನ್ಯವಾಗಿ ಕಾಣುವ ಗಾಯ. ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಬಾಗದೆ, ಮುಂಗೈಯೊಡನೆ ಒಂದೇ ನೇರದಲ್ಲಿರಬೇಕು.

ನೇರ ಗುದ್ದನ್ನು ಹೀಗೆ ಕಲಿಸುವರು. ಮುಷ್ಟಿಯು ಸೊಂಟದ ಪಕ್ಕದಲ್ಲಿ, ಅಂಗೈಯ ಮಗ್ಗುಲು ಮೇಲಾಗಿ ಇರುವುದು. ಮೊಣಕೈಯು ಪಕ್ಕೆಯನ್ನು ಸವರುತ್ತ ಮುಂದೆ ಸಾಗಬೇಕು; ಕೊನೆಯ ಗಳಿಗೆಯಲ್ಲಿ ಮುಷ್ಟಿ ತಿರುಗಿ ಅಂಗೈ ಕೆಳಮೊಗವಾಗಬೇಕು. ಇದೇ ಕ್ಷಣದಲ್ಲಿ ಇನ್ನೊಂದು ಕೈ ಅಷ್ಟೇ ವೇಗದಿಂದ ಸೊಂಟಕ್ಕೆ ಹಿಂತಿರುಗುವುದು. ಮೊಸರು ಕಡೆಯುವ ಕಡಗೋಲಿನ ಹಗ್ಗದಂತೆ, ಒಂದು ಬಂದಷ್ಟು ಇನ್ನೊಂದು ಹೋಗಬೇಕು. ಗಾಳಿಯಲ್ಲಿ ಅಭ್ಯಾಸ ಮಾಡುವಾಗ ಮೊಣಕೈಯನ್ನು ಪೂರ್ಣ ಚಾಚಿ ಝಟಕಿ ಕೊಡಬಾರದು, ಕೀಲಿಗೆ ನೋವಾಗುವುದು. ಪೆಟ್ಟಿನೊಡನೆ ಉಸಿರನ್ನು ಹೊರಬಿಡಬೇಕು.

ಆಪತ್ತಿನ ಸಮಯಕ್ಕೆ ಹೊಸಬರು ನೆಚ್ಚತಕ್ಕ ಆಯುಧವು ಮುಷ್ಟಿಗಿಂತ ಅಂಗೈಯ ಬುಡವೇ ಎಂಬುದನ್ನು ನೆನಪಿಡಬೇಕು. ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಗದ್ದಕ್ಕೋ ಮೂಗಿಗೋ ಒತ್ತಿ ಹೊಡೆದರೆ ತನ್ನ ಕೈಗೆ ಪೆಟ್ಟಾಗುವ ಭಯ ಕಡಿಮೆ. ತೀರ ಹತ್ತಿರ ಬಂದವನಿಗೆ ಮೊಣಕೈ, ಮೊಣಕಾಲು, ಹಿಂದಿನಿಂದ ಹಿಡಿದವನ ಪಾದದ ಮೇಲೆ ಹಿಮ್ಮಡಿಯ ತುಳಿತ, ಇವೂ ಹೀಗೆಯೇ.

ಕಾಲಿನ ಪೆಟ್ಟುಗಳಲ್ಲಿ ಮೊದಲು ಕಲಿಯತಕ್ಕದ್ದು ಮುಂದೊದೆತ. ಮೊದಲು ಮೊಣಕಾಲನ್ನು ಎದುರಿಗೆ ಎತ್ತಬೇಕು, ಬಳಿಕ ಕಾಲನ್ನು ಚಾಚಬೇಕು, ತಕ್ಷಣವೇ ಹಿಂದಕ್ಕೆ ಮಡಿಸಬೇಕು, ಅನಂತರ ಕೆಳಗಿಡಬೇಕು; ಹೀಗೆ ನಾಲ್ಕು ಅಂಗ. ಬೆರಳುಗಳನ್ನು ಮೇಲಕ್ಕೆ ಮಡಚಿ ಪಾದದ ಮುಂಭಾಗದ ಉಬ್ಬಿನಿಂದ ಒದೆಯತಕ್ಕದ್ದು. ಹೊಸಬರು ಸೊಂಟಕ್ಕಿಂತ ಎತ್ತರಕ್ಕೆ ಒದೆಯುವ ಚಪಲವನ್ನು ಬಿಡಬೇಕು. ಒಂಟಿ ಕಾಲಿನ ಮೇಲೆ ನಿಂತಷ್ಟು ಹೊತ್ತೂ ಬೀಳುವ ಅಪಾಯ ಇದ್ದೇ ಇದೆ.

ತಡೆ

ತಡೆಯೆಂದರೆ ಬರುವ ಬಲದ ಎದುರಿಗೆ ಬಲವನ್ನು ಒಡ್ಡುವುದೆಂದು ಅನೇಕರು ತಿಳಿದಿರುವರು. ಹಾಗಲ್ಲ. ಓರೆಯಾದ ಹಂಚಿನ ಮೇಲೆ ಬಿದ್ದ ಮಳೆಯಂತೆ, ಪೆಟ್ಟು ಜಾರಿ ಪಕ್ಕಕ್ಕೆ ಹೋಗುವಂತೆ ಮಾಡುವುದೇ ತಡೆಯ ಮರ್ಮ. ಬಲಹೀನನೂ ಬಲಶಾಲಿಯ ಕೈಯನ್ನು ತಪ್ಪಿಸಬಲ್ಲನೆಂಬುದು ಇದರಿಂದಲೇ.

ಮೇಲ್ತಡೆಯು ತಲೆಯ ರಕ್ಷಣೆಗೆ. ಮುಂಗೈಯನ್ನು ಎದೆಯ ಮುಂದಿನಿಂದ ಮೇಲಕ್ಕೆತ್ತಿ, ಹಣೆಯಿಂದ ಒಂದು ಮುಷ್ಟಿಯಷ್ಟು ದೂರದಲ್ಲಿ ಓರೆಯಾಗಿ ನಿಲ್ಲಿಸಬೇಕು. ಮುಷ್ಟಿ ಮೊಣಕೈಗಿಂತ ಎತ್ತರದಲ್ಲಿರಬೇಕು. ನಡುದಡೆಯು ಎದೆಯ ರಕ್ಷಣೆಗೆ. ಮೊಣಕೈಯನ್ನು ಕಾಟಕೋನದಂತೆ ಬಗ್ಗಿಸಿ, ಮುಷ್ಟಿ ಭುಜದ ಎತ್ತರಕ್ಕೆ ಬರುವಂತೆ ಮುಂಗೈಯನ್ನು ಅಡ್ಡವಾಗಿ ಬೀಸುವುದು. ಮೊಣಕೈ ಪಕ್ಕೆಯಿಂದ ಬಹಳ ದೂರ ಹೋಗಬಾರದು. ಕೆಳದಡೆಯು ಹೊಟ್ಟೆಯ ಕೆಳಭಾಗದ ರಕ್ಷಣೆಗೆ. ಮುಷ್ಟಿಯನ್ನು ಎದುರು ಭುಜದಿಂದ ಮೊದಲುಮಾಡಿ, ಓರೆಯಾಗಿ ಕೆಳಕ್ಕೆ ಗುಡಿಸಿ, ಮುಂದಿನ ಮೊಣಕಾಲಿನ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ನಿಲ್ಲಿಸಬೇಕು. ಮೂರರಲ್ಲಿಯೂ ಕೈಯೊಡನೆ ಸೊಂಟವು ತಿರುಗಬೇಕು. ಹೆಜ್ಜೆಯೊಂದು ಪಕ್ಕಕ್ಕೋ ಹಿಂದಕ್ಕೋ ಸರಿಯಬೇಕು. ಪೆಟ್ಟಿನ ದಾರಿಯಲ್ಲಿ ನಾವು ಇಲ್ಲದಿರುವುದೇ ಎಲ್ಲಕ್ಕಿಂತ ಒಳ್ಳೆಯ ತಡೆ.

ಮನೆಯಲ್ಲಿ ಅಭ್ಯಾಸ

ದಿನಕ್ಕೆ ೧೫ ನಿಮಿಷ ಸಾಕು. ಐದು ನಿಮಿಷ ಕೈಕಾಲುಗಳನ್ನು ಆಡಿಸಿ ಮೈ ಬೆಚ್ಚಗೆ ಮಾಡಿಕೊಳ್ಳುವುದು. ಐದು ನಿಮಿಷ ನಿಲುವು ಮತ್ತು ಹೆಜ್ಜೆ. ಉಳಿದ ಐದು ನಿಮಿಷದಲ್ಲಿ ಒಂದು ಪೆಟ್ಟು, ಒಂದು ತಡೆ, ಎಡಕ್ಕೆ ಹತ್ತು, ಬಲಕ್ಕೆ ಹತ್ತು. ಹತ್ತು ಬಗೆಯನ್ನು ಒಂದೊಂದು ಸಾರಿ ಮಾಡುವುದಕ್ಕಿಂತ ಒಂದು ಬಗೆಯನ್ನು ಹತ್ತು ಸಾರಿ ಮಾಡುವುದು ಮೇಲು. ಒಗೆದ ಬಟ್ಟೆಯ ನೀರು ಸೋರಿ ಜಾರುವ ಫರಶಿಯ ಮೇಲೆ ಅಭ್ಯಾಸ ಬೇಡ. ಒಣಗಿದ ಅಂಗಳ ಉತ್ತಮ. ಊಟವಾದ ಕೂಡಲೆ ಮಾಡತಕ್ಕದ್ದಲ್ಲ. ಬಳೆ, ಉಂಗುರಗಳನ್ನು ತೆಗೆದಿಡಬೇಕು. ಗೋಡೆಗೆ ಗುದ್ದಿ ಗೆಣ್ಣು ಗಟ್ಟಿಮಾಡಿಕೊಳ್ಳುವುದು, ಹಂಚು ಒಡೆದು ತೋರಿಸುವುದು ಇವು ಬೆಳೆಯುವ ಎಲುಬಿಗೆ ಕೇಡು, ಸರ್ವಥಾ ಕೂಡದು.

ತಿಂಗಳ ದಿನಗಳಲ್ಲಿ ವ್ಯಾಯಾಮ ನಿಷಿದ್ಧವೆಂಬ ಭಾವನೆ ಕೆಲವು ಮನೆಗಳಲ್ಲಿದೆ. ಆರೋಗ್ಯವಂತೆಯಾದ ಹುಡುಗಿಗೆ ಹಾಗೆ ನಿಲ್ಲಿಸಬೇಕಾದ ಕಾರಣವಿಲ್ಲ. ತನಗೆ ಶಕ್ಯವೆನಿಸಿದಷ್ಟನ್ನು ಆಕೆ ಮಾಡಬಹುದು, ನೋವಿದ್ದರೆ ಬಿಡಬಹುದು. ಹೊಟ್ಟೆ ತುಂಬ ಜೋಳದ ರೊಟ್ಟಿ, ಬೇಳೆ, ಕಾಳು, ಸೊಪ್ಪು, ಹಾಲು ಮೊಸರುಗಳು ಸಿಕ್ಕಬೇಕೆಂಬುದು ಮಾತ್ರ ಎಲ್ಲ ದಿನಗಳಿಗೂ ಅನ್ವಯಿಸುವ ನಿಯಮ. ಗಂಡುಮಗನ ಕುಸ್ತಿಗಾಗಿ ಹಾಲು ಬಾದಾಮಿಗಳನ್ನು ಹವಣಿಸುವ ಮನೆಯು ಮಗಳ ತಟ್ಟೆಯನ್ನೂ ಒಮ್ಮೆ ನೋಡುವುದು ನ್ಯಾಯ.

ಶಿಕ್ಷಕರನ್ನು ಆರಿಸುವಾಗಲೂ ಎಚ್ಚರ ಬೇಕು. ಪಾಠವು ತೆರೆದ ಬಯಲಿನಲ್ಲಿ ನಡೆಯುವುದೇ, ಪಾಲಕರು ಬಂದು ನೋಡಲು ಅಡ್ಡಿಯಿಲ್ಲವೇ, ಮಕ್ಕಳು “ಸಾಕು” ಎಂದಾಗ ನಿಲ್ಲಿಸುವರೇ ಎಂಬ ಮೂರು ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಕ್ಕದಿದ್ದರೆ, ಎಷ್ಟೇ ಬಣ್ಣದ ನಡುಪಟ್ಟಿ ಕೊಡುವ ಶಾಲೆಯಾದರೂ ಬೇಡ.

ವಿದ್ಯೆಯ ಮಿತಿ

ಇಷ್ಟು ಹೇಳಿ ನಿಲ್ಲಿಸಿದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ೩ ತಿಂಗಳು ಕಲಿತ ೧೩ ವರ್ಷದ ಹುಡುಗಿಯು ಬಲಿಷ್ಠನಾದ ಪುರುಷನನ್ನು ಹೊಡೆದು ಕೆಡಹುವಳೆಂದು ನಂಬುವುದು ಅಪಾಯಕರ. ಪೆಟ್ಟಿನ ಉದ್ದೇಶ ಗೆಲ್ಲುವುದಲ್ಲ. ಹಿಡಿತವನ್ನು ಸಡಿಲಿಸಿ ಓಡುವುದಕ್ಕೆ ಒಂದು ಕ್ಷಣವನ್ನು ಗಳಿಸುವುದು. ಮೊದಲು ದೂರವಿರುವುದು, ಆಮೇಲೆ ಗಟ್ಟಿಯಾಗಿ ಕೂಗುವುದು, ಆಮೇಲೆ ಬಿಡಿಸಿಕೊಳ್ಳುವುದು, ಕೂಡಲೆ ಜನರಿರುವ ಕಡೆಗೆ ಓಡುವುದು. ಕಬ್ಬಿನ ಹೊಲದ ದಾರಿಯಲ್ಲಾಗಲಿ, ಬಸ್ಸಿನ ನಿಲ್ದಾಣದಲ್ಲಾಗಲಿ ಕ್ರಮ ಇದೇ. ಕೂಗುವುದನ್ನೂ ಅಭ್ಯಾಸ ಮಾಡಿಸಬೇಕು. “ಮೆಲ್ಲಗೆ ಮಾತಾಡು” ಎಂದು ಹತ್ತು ವರ್ಷ ಕಲಿಸಿದ ಕಂಠವು ಆಪತ್ತಿನಲ್ಲಿ ತಾನಾಗಿ ತೆರೆಯದು.

ಕಾನೂನು ಈ ವಿಷಯದಲ್ಲಿ ಆತ್ಮರಕ್ಷಕನ ಕಡೆಗಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ತನ್ನ ಮತ್ತು ಇತರರ ಶರೀರವನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಮನ್ನಿಸುತ್ತವೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತಿಲ್ಲ; ಅಪಾಯ ಸರಿದ ಮೇಲೆ ಹೊಡೆಯುವುದು ಸೇಡಾಗುವುದೇ ಹೊರತು ರಕ್ಷಣೆಯಾಗದು. ಹುಡುಗರಿಗೆ ಈ ಮಾತನ್ನು ವಿಶೇಷವಾಗಿ ತಿಳಿಹೇಳಬೇಕು.

ಇನ್ನೊಂದು ಕಹಿಯಾದ ಸತ್ಯವುಂಟು. ಮಕ್ಕಳ ಮೇಲೆ ಕೈಮಾಡುವವನು ಬಹುಪಾಲು ಅಪರಿಚಿತನಲ್ಲ. ನೆರೆಯವನು, ಬಂಧು, ಮನೆಗೆ ಬಂದುಹೋಗುವವನು. ಅಂಥವನೆದುರು ಹುಡುಗಿಯು ಮುಷ್ಟಿ ಎತ್ತಲಾರಳು. ಎತ್ತಿದರೆ ತನಗೇ ಬೈಗುಳೆಂದು ಆಕೆಗೆ ಗೊತ್ತು. ಅಲ್ಲಿ ಆಕೆಗೆ ಉಳಿದ ತಡೆ ಒಂದೇ: ಮನೆಗೆ ಬಂದು ಹೇಳುವುದು. ಹೇಳಿದಾಗ ನಾವು ಆಡುವ ಮೊದಲ ಮಾತು “ನೀನು ಅಲ್ಲಿಗೆ ಯಾಕೆ ಹೋಗಿದ್ದೆ?” ಎಂಬುದಾದರೆ, ಆ ತಡೆಯನ್ನು ಮುರಿದವರು ನಾವೇ ಆಗುವೆವು, ಆಕೆ ಎರಡನೆಯ ಸಾರಿ ಹೇಳಲಾರಳು. “ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ” ಎಂಬ ಮಾತು ಮೊದಲು ಬರಬೇಕು. ಕೂಗಲಾರದೆ, ಅಲುಗಾಡಲಾರದೆ ಸ್ತಬ್ಧಳಾಗಿ ನಿಂತ ಹುಡುಗಿಗೂ ಅದೇ ಮಾತು ಸಲ್ಲುವುದು. ಭಯದಲ್ಲಿ ಶರೀರವು ಮರಗಟ್ಟುವುದು ಸ್ವಭಾವವೇ ಹೊರತು ಸಮ್ಮತಿಯಲ್ಲ. ಕರಾಟೆ ಕಲಿತೂ ಹೊಡೆಯಲಿಲ್ಲವೇಕೆಂದು ಕೇಳುವುದು ಕ್ರೌರ್ಯ.

ಮಕ್ಕಳ ಸಹಾಯವಾಣಿಯ ೧೦೯೮, ತುರ್ತು ಸಹಾಯದ ೧೧೨, ಈ ಎರಡು ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿಡುವುದು ಲೇಸು. ೧೮ ವರ್ಷದೊಳಗಿನ ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂಬುದು ೨೦೧೨ರ ಪೋಕ್ಸೋ ಕಾಯಿದೆಯ ಕಟ್ಟಳೆ. ಮಾನಕ್ಕೆ ಅಂಜಿ ಮುಚ್ಚಿಡುವುದು ಶಿಕ್ಷಾರ್ಹ.

ಹಾಗಾದರೆ ಈ ನಿಲುವು ಪೆಟ್ಟುಗಳ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ನೆಟ್ಟಗೆ ನಿಲ್ಲುವುದನ್ನು, ಕಣ್ಣೆತ್ತಿ ನೋಡುವುದನ್ನು, ಗಟ್ಟಿಯಾಗಿ “ಬೇಡ” ಎನ್ನುವುದನ್ನು ದಿನಾಲು ಅಭ್ಯಾಸ ಮಾಡಿದ ಹುಡುಗಿಗೆ ತನ್ನ ಶರೀರ ತನ್ನದೆಂಬ ಅರಿವು ಬರುವುದು. ಆ ಅರಿವಿದ್ದವಳು ಬೇಗ ಎಚ್ಚರಗೊಳ್ಳುವಳು, ಬೇಗ ಓಡುವಳು, ಬೇಗ ಹೇಳುವಳು. ಅಷ್ಟಕ್ಕಾಗಿ ದಿನದ ೧೫ ನಿಮಿಷ ಹೆಚ್ಚಲ್ಲ. ಸಂಜೆ ಎಮ್ಮೆ ಕರೆಯುವ ಹೊತ್ತಿಗೋ ದೀಪ ಹಚ್ಚುವ ಹೊತ್ತಿಗೋ ಮನೆಯವರು ಅಂಗಳದಲ್ಲಿ ಅಷ್ಟು ಜಾಗವನ್ನೂ ಬಿಡುವನ್ನೂ ಮಾಡಿಕೊಡಲಿ. ಎಣಿಕೆ ಹೇಳಲು ತಂದೆಯೇ ನಿಂತರೆ ಇನ್ನೂ ಒಳ್ಳೆಯದು.

ಬರುವ ತಿಂಗಳು, ಪೆಟ್ಟಾಗದಂತೆ ಬೀಳುವ ಬಗೆ ಮತ್ತು ಮಣಿಕಟ್ಟಿನ ಹಿಡಿತವನ್ನು ಬಿಡಿಸಿಕೊಳ್ಳುವ ಬಗೆಗಳನ್ನು ವಿವರಿಸುವೆವು. ಅಷ್ಟರಲ್ಲಿ ನಾಲ್ಕು ನಿಲುವುಗಳು ಕಾಲಿಗೆ ಒಗ್ಗಿರಲಿ.